ಲಾಕ್ ನೆಸ್ ನೋಡುವುದು ಹೇಗೆ: ಯಾವ ಊರು, ಯಾವ ದಡ, ಎಷ್ಟು ದಿನ

ಸ್ಕಾಟ್ಲೆಂಡಿಗೆ ಹೊರಟವರ ಪಟ್ಟಿಯಲ್ಲಿ ಎಡಿನ್‌ಬರೊ ಆದಮೇಲೆ ಬರುವ ಹೆಸರು ಸಾಮಾನ್ಯವಾಗಿ ಲಾಕ್ ನೆಸ್ (ಅಲ್ಲಿನವರ ಮಾತಿನಲ್ಲಿ ‘ಲಾಕ್’ ಎಂದರೆ ಸರೋವರ). ಹೋಗಿ ಬಂದವರಲ್ಲಿ ಹಲವರ ಮಾತು ಮಾತ್ರ ‘ಕಪ್ಪು ನೀರು, ಎರಡು ಗುಡ್ಡ, ಅಷ್ಟೇ’. ಹಾಗನ್ನಿಸಲು ಕಾರಣ ಸರೋವರದ ಆಕಾರದಲ್ಲೇ ಇದೆ. ಸ್ಕಾಟ್ಲೆಂಡನ್ನು ಓರೆಯಾಗಿ ಸೀಳಿರುವ ಗ್ರೇಟ್ ಗ್ಲೆನ್ ಎಂಬ ಭೂಬಿರುಕನ್ನು ಹಿಮನದಿಗಳು ಕೊರೆದು ಆಳ ಮಾಡಿದ್ದರಿಂದ ಆದ ಉದ್ದನೆಯ ಗುಂಡಿ ಇದು. ಉದ್ದ ಸುಮಾರು 36 ಕಿ.ಮೀ., ಅಗಲ ಹೆಚ್ಚಿನ ಕಡೆ ಒಂದೂವರೆ ಕಿ.ಮೀ., ಅತಿ ಹೆಚ್ಚಿನ ಆಳ ಸುಮಾರು 230 ಮೀಟರ್. ಇಂಗ್ಲೆಂಡ್ ಮತ್ತು ವೇಲ್ಸಿನ ಎಲ್ಲ ಸರೋವರಗಳ ನೀರು ಸೇರಿಸಿದರೂ ಇದರಷ್ಟಾಗುವುದಿಲ್ಲ. ಸುತ್ತಲಿನ ಬೆಟ್ಟಗಳ ಪೀಟ್ ಮಣ್ಣು ಕರಗಿ ಬಂದು ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಕೆಲವೇ ಮೀಟರ್ ಕೆಳಗೆ ಏನೂ ಕಾಣದು. ಇಂಥ ನೇರ, ಕಿರಿದಾದ, ಗಾಢ ನೀರನ್ನು ರಸ್ತೆ ಪಕ್ಕದ ಒಂದೇ ಜಾಗದಲ್ಲಿ ನಿಂತು ನೋಡಿದರೆ ಎದುರು ದಡದ ಗುಡ್ಡ ಬಿಟ್ಟು ಬೇರೇನೂ ಸಿಗುವುದಿಲ್ಲ. ಎತ್ತರದಿಂದ ನೋಡಬೇಕು, ಇಲ್ಲವೇ ತುದಿಯಲ್ಲಿ ನಿಂತು ಉದ್ದಕ್ಕೆ ನೋಡಬೇಕು. ಎಲ್ಲಿ ಉಳಿಯಬೇಕು, ಕಾರು ಬೇಕೇ ಬೇಡವೇ ಎಂಬುದೂ ಇದರ ಮೇಲೆಯೇ ನಿಂತಿದೆ.

ಕೈಯಲ್ಲಿ ಒಂದೇ ದಿನವಿದ್ದರೆ

ಎಡಿನ್‌ಬರೊ ಅಥವಾ ಗ್ಲಾಸ್ಗೋದಿಂದ ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟರ ಹೊತ್ತಿಗೆ ವಾಪಸು ಬಿಡುವ ‘ಲಾಕ್ ನೆಸ್, ಗ್ಲೆನ್‌ಕೋ’ ಬಸ್ ಟೂರುಗಳು ಹೇರಳವಾಗಿವೆ. ಎಡಿನ್‌ಬರೊದಿಂದ ಸರೋವರದ ಹತ್ತಿರದ ನಗರ ಇನ್ವರ್ನೆಸ್‌ಗೆ ಒಂದು ಬದಿಗೇ ಸುಮಾರು 250 ಕಿ.ಮೀ. ಹನ್ನೆರಡು ಗಂಟೆಯ ಟೂರಿನಲ್ಲಿ ಎಂಟರಿಂದ ಒಂಬತ್ತು ಗಂಟೆ ಸೀಟಿನಲ್ಲೇ ಕಳೆಯುತ್ತದೆ. ಸರೋವರದ ಪಾಲಿಗೆ ಸಿಗುವುದು ಒಂದೂವರೆ, ಹೆಚ್ಚೆಂದರೆ ಎರಡು ಗಂಟೆ. ಅದರಲ್ಲೇ ದೋಣಿ, ಊಟ, ಶೌಚಾಲಯದ ಸಾಲು ಎಲ್ಲ ಮುಗಿಯಬೇಕು. ಗ್ಲೆನ್‌ಕೋ ಕಣಿವೆಯ ದಾರಿ ನಿಜಕ್ಕೂ ಚೆಂದ, ಕಿಟಕಿ ಪಕ್ಕದ ಸೀಟೇ ಸಾಕೆನ್ನುವವರಿಗೆ ಈ ಟೂರು ಸರಿ. ಸರೋವರವೇ ಮುಖ್ಯ ಎನ್ನುವವರು ಒಂದು ದಿನಕ್ಕೆ ನೆಸ್ ಬಿಟ್ಟು ಹತ್ತಿರದ್ದನ್ನು ಹಿಡಿಯುವುದು ಮೇಲು.

ಹತ್ತಿರದ್ದೆಂದರೆ ಲೋಮಂಡ್. ಮೇಲ್ಮೈ ವಿಸ್ತಾರದಲ್ಲಿ ಬ್ರಿಟನ್ನಿನಲ್ಲೇ ದೊಡ್ಡದು, 71 ಚದರ ಕಿ.ಮೀ. ಗ್ಲಾಸ್ಗೋ ಕ್ವೀನ್ ಸ್ಟ್ರೀಟ್ ನಿಲ್ದಾಣದಿಂದ ಬ್ಯಾಲಕ್‌ಗೆ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆ ಚಿಲ್ಲರೆ. ಆದರೆ ಬ್ಯಾಲಕ್ ಇರುವುದು ಸರೋವರದ ದಕ್ಷಿಣದ ತುದಿಯಲ್ಲಿ. ಅಲ್ಲಿ ನೀರು ಅಗಲ, ಸುತ್ತ ಬಯಲು, ಹೈಲ್ಯಾಂಡ್ಸ್ ಎಂಬ ಉತ್ತರದ ಬೆಟ್ಟಸೀಮೆ ಇನ್ನೂ ಶುರುವಾಗಿರುವುದಿಲ್ಲ. ಹೈಲ್ಯಾಂಡಿನ ಗಡಿ ಎನ್ನುವ ಭೂಬಿರುಕು ಸರೋವರದ ನಡುವೆಯೇ ಹಾದುಹೋಗುತ್ತದೆ. ಪೂರ್ವ ದಡದ ಬಾಲ್ಮಹಾ ಊರಿನ ಹಿಂದಿರುವ 361 ಮೀಟರಿನ ಕಾನಿಕ್ ಹಿಲ್ ಹತ್ತಿದರೆ ಆ ಬಿರುಕು ಕಣ್ಣಿಗೇ ಕಾಣುತ್ತದೆ: ಸರೋವರದ ದ್ವೀಪಗಳು ಗೆರೆ ಎಳೆದಂತೆ ಒಂದರ ಹಿಂದೊಂದು ಸಾಲಾಗಿ ಕೂತಿರುತ್ತವೆ. ಹತ್ತಿ ಇಳಿಯಲು ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಮಳೆ ಬಂದರೆ ಮೇಲಿನ ಭಾಗ ಜಾರುತ್ತದೆ.

ನಡೆಯಲಾಗದ ಹಿರಿಯರು ಜೊತೆಗಿದ್ದರೆ ಬ್ಯಾಲಕ್ ಬಿಟ್ಟು ಅದೇ ಕ್ವೀನ್ ಸ್ಟ್ರೀಟ್‌ನಿಂದ ವೆಸ್ಟ್ ಹೈಲ್ಯಾಂಡ್ ಮಾರ್ಗದ ರೈಲು ಹತ್ತಿ ಆರಕರ್ ಮತ್ತು ಟಾರ್ಬೆಟ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ದೋಣಿಕಟ್ಟೆಗೆ ಸ್ವಲ್ಪವೇ ನಡಿಗೆ. ಉತ್ತರದ ಈ ಭಾಗದಲ್ಲಿ ಸರೋವರ ಕಿರಿದಾಗಿ ಎರಡೂ ಕಡೆ ಬೆಟ್ಟ ಎದ್ದು ನಿಂತಿರುತ್ತದೆ. ಇನ್ವರ್‌ಸ್ನೇಯ್ಡ್ ಜಲಪಾತದವರೆಗೆ ಹೋಗಿ ಬರುವ ದೋಣಿ ಸಿಕ್ಕರೆ ದಿನ ಸಾರ್ಥಕ. ಈ ಮಾರ್ಗದಲ್ಲಿ ರೈಲುಗಳು ಬಹಳ ಕಡಿಮೆ, ಹೋಗುವ ಮೊದಲೇ ವಾಪಸು ರೈಲಿನ ಹೊತ್ತು ನೋಡಿಕೊಂಡಿರಬೇಕು.

ಪುಟ್ಟ ಮಕ್ಕಳಿರುವ ಮನೆಯವರಿಗೆ ಮೂರನೆಯದೊಂದು ಆಯ್ಕೆ ಇದೆ, ಹೆಚ್ಚು ಜನ ಅದನ್ನು ಯೋಚಿಸುವುದೇ ಇಲ್ಲ: ಕೇರ್ನ್‌ಗಾರ್ಮ್ ರಾಷ್ಟ್ರೀಯ ಉದ್ಯಾನದ ಲಾಕ್ ಮೋರ್ಲಿಕ್. ಎಡಿನ್‌ಬರೊ–ಇನ್ವರ್ನೆಸ್ ರೈಲು ಆವೀಮೋರ್‌ನಲ್ಲಿ ನಿಲ್ಲುತ್ತದೆ, ಅಲ್ಲಿಂದ ಬಸ್ಸಿನಲ್ಲಿ ಹತ್ತು ಹನ್ನೊಂದು ಕಿ.ಮೀ. ಸಮುದ್ರಮಟ್ಟದಿಂದ 300 ಮೀಟರಿಗೂ ಎತ್ತರದಲ್ಲಿ ಮರಳಿನ ದಂಡೆ, ಸುತ್ತ ಪೈನ್ ಕಾಡು, ಆಚೆ ಕೇರ್ನ್‌ಗಾರ್ಮ್ ಶಿಖರಗಳು. ಸರೋವರದ ಸುತ್ತ ಸಮತಟ್ಟಾದ ಕಾಲುದಾರಿ ಇದೆ, ಸುತ್ತಲು ಎರಡು ಗಂಟೆ ಸಾಕು. 1952ರಿಂದ ಇಲ್ಲಿ ಸಾಕಿರುವ ಹಿಮಸಾರಂಗದ ಹಿಂಡೂ ಇದೆ. ದಂಡೆಯ ಬಳಿ ನೀರು ಆಳವಿಲ್ಲ, ಮಕ್ಕಳು ಕಾಲು ಇಳಿಬಿಡಬಹುದು. ನೆಸ್‌ನಲ್ಲಿ ಆ ಧೈರ್ಯ ಬೇಡ: ದಡದಿಂದ ನಾಲ್ಕು ಹೆಜ್ಜೆಗೆ ನೆಲ ಧಡಕ್ಕನೆ ಇಳಿಯುತ್ತದೆ, ಆಳದ ನೀರು ವರ್ಷವಿಡೀ ಐದಾರು ಡಿಗ್ರಿಯಲ್ಲೇ ಇರುತ್ತದೆ. ಈಜು ಬಲ್ಲವರಿಗೂ ಆ ತಣ್ಣೀರಿನಲ್ಲಿ ಮೊದಲ ಒಂದೆರಡು ನಿಮಿಷ ಉಸಿರು ಕಟ್ಟುತ್ತದೆ, ಅಪಾಯ ಆಗುವುದು ಆ ಹೊತ್ತಿನಲ್ಲೇ.

ಎರಡು ರಾತ್ರಿಯಾದರೂ ಇದ್ದರೆ: ಎಲ್ಲಿ ಉಳಿಯುವುದು

ಈಗ ನೆಸ್‌ನ ಮಾತು. ಉಳಿಯಲು ಮೂರು ಜಾಗ, ಜೊತೆಗೆ ಕಾರಿದ್ದವರಿಗೆ ಮಾತ್ರ ಒಂದು ನಾಲ್ಕನೆಯದು.

ಇನ್ವರ್ನೆಸ್ ಸರೋವರದ ಮೇಲಿಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಕೋಣೆ ಬುಕ್ ಮಾಡಿ ‘ಕಿಟಕಿಯಿಂದ ಲಾಕ್ ನೆಸ್ ಕಾಣುತ್ತಾ’ ಎಂದು ಕೇಳುವವರು ಇದ್ದಾರೆ. ಊರ ನಡುವೆ ಹರಿಯುವುದು ನೆಸ್ ನದಿ, ಸರೋವರ ಶುರುವಾಗುವುದು ಅಲ್ಲಿಂದ ಸುಮಾರು ಹತ್ತು ಕಿ.ಮೀ. ಆಚೆ. ಆದರೂ ಕಾರಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ನೆಲೆ ಇಲ್ಲ. ರೈಲು ಬರುವುದು ಇಲ್ಲಿಗೇ. ನೆಸ್ ದಡದುದ್ದಕ್ಕೆ ರೈಲು ಮಾರ್ಗವೇ ಇಲ್ಲ. ಬಸ್ ನಿಲ್ದಾಣ ರೈಲು ನಿಲ್ದಾಣದ ಪಕ್ಕದಲ್ಲೇ. ಸಿಟಿಲಿಂಕ್‌ನ 919 (ಫೋರ್ಟ್ ವಿಲಿಯಂ ಕಡೆಗೆ) ಮತ್ತು 917 (ಸ್ಕೈ ದ್ವೀಪದ ಪೋರ್ಟ್ರೀ ಕಡೆಗೆ) ಎರಡೂ ಡ್ರಮ್ನಡ್ರಾಕಿಟ್ ಮತ್ತು ಅರ್ಕರ್ಟ್ ಕೋಟೆಯ ಮುಂದೆ ಹಾದುಹೋಗುತ್ತವೆ. ಡ್ರಮ್ನಡ್ರಾಕಿಟ್‌ಗೆ ಅರ್ಧ ಗಂಟೆ, ಫೋರ್ಟ್ ಅಗಸ್ಟಸ್‌ಗೆ ಒಂದು ಗಂಟೆ. 917 ಇನ್ವರ್‌ಮಾರಿಸ್ಟನ್‌ನಲ್ಲಿ ಪಶ್ಚಿಮಕ್ಕೆ ತಿರುಗಿಬಿಡುತ್ತದೆ, ಫೋರ್ಟ್ ಅಗಸ್ಟಸ್‌ಗೆ ಹೋಗಬೇಕಾದವರು ಅದನ್ನು ಹತ್ತಬಾರದು. ಇನ್ವರ್ನೆಸ್‌ನಿಂದ ಹೊರಡುವಾಗ ಎಡಗಡೆ ಕಿಟಕಿ ಹಿಡಿಯಿರಿ, ನೀರು ಇರುವುದು ಆ ಕಡೆಗೆ.

ಡ್ರಮ್ನಡ್ರಾಕಿಟ್ ಸರೋವರದ ನಡುಭಾಗದಲ್ಲಿ, ವಾಯವ್ಯದ ದಡದಿಂದ ಕೊಂಚ ಒಳಗಿರುವ ಹಳ್ಳಿ, ಇನ್ವರ್ನೆಸ್‌ನಿಂದ 24 ಕಿ.ಮೀ. ಲಾಕ್ ನೆಸ್ ಸೆಂಟರ್ ಎಂಬ ಪ್ರದರ್ಶನ ಇಲ್ಲೇ, ಕೋಟೆಗೆ ಎರಡು ಮೂರು ಕಿ.ಮೀ. ಊರಿನ ಅಂಗಡಿಗಳಲ್ಲಿ ನೆಸ್ಸಿ, ಅಂದರೆ ಸರೋವರದಲ್ಲಿದೆ ಎಂದು ಜನ ಹೇಳುವ ದೈತ್ಯ ಪ್ರಾಣಿ, ಅದರ ಗೊಂಬೆಗಳದ್ದೇ ದರಬಾರು, ಊರಿಗಾಗಿ ಊರು ನೋಡುವಂಥದ್ದಲ್ಲ. ಇಲ್ಲಿ ಉಳಿಯುವುದರ ನಿಜವಾದ ಲಾಭ ಬೇರೆ: ಎ831 ರಸ್ತೆ ಇಲ್ಲಿಂದ ಪಶ್ಚಿಮಕ್ಕೆ ಕ್ಯಾನಿಕ್ ಊರಿಗೆ ಹೋಗುತ್ತದೆ, ಅಲ್ಲಿಂದ ಆಚೆ ಗ್ಲೆನ್ ಆಫ್ರಿಕ್. ಹಳೆಯ ಕ್ಯಾಲಿಡೋನಿಯನ್ ಪೈನ್ ಕಾಡು, ನಡುವೆ ದ್ವೀಪಗಳಿರುವ ಸರೋವರ, ಡಾಗ್ ಫಾಲ್ಸ್, ಸ್ವಲ್ಪ ದೂರದಲ್ಲಿ 46 ಮೀಟರ್ ಎತ್ತರದ ಪ್ಲಾಡಾ ಜಲಪಾತ. ಬರೀ ನೋಟದ ಲೆಕ್ಕದಲ್ಲಿ ಆಫ್ರಿಕ್ ಕಣಿವೆ ನೆಸ್‌ಗಿಂತ ಒಂದು ಕೈ ಮೇಲೆಯೇ. ಕಾರಿದ್ದು ಎರಡನೇ ದಿನ ಕೈಯಲ್ಲಿದ್ದರೆ ಅರ್ಧ ದಿನ ಅದಕ್ಕೆ ಕೊಡಿ. ಕ್ಯಾನಿಕ್ ದಾಟಿದ ಮೇಲೆ ರಸ್ತೆ ಒಂದೇ ವಾಹನದ ಅಗಲದ್ದು, ಕೊನೆಯ ಕಾರ್ ಪಾರ್ಕಿನಲ್ಲಿ ಮುಗಿದುಹೋಗುತ್ತದೆ. ಬಂದ ದಾರಿಯಲ್ಲೇ ವಾಪಸು.

ಫೋರ್ಟ್ ಅಗಸ್ಟಸ್ ಸರೋವರದ ನೈರುತ್ಯ ತುದಿ. ಹಳ್ಳಿಯಾಗಿ ಮೂರರಲ್ಲಿ ಇದೇ ಚೆಂದ. ಕ್ಯಾಲಿಡೋನಿಯನ್ ಕಾಲುವೆ ಊರ ನಡುವೆ ಗೇಟುಗಳಿರುವ ಐದು ತೊಟ್ಟಿಗಳ ಮೆಟ್ಟಿಲಾಗಿ ಸರೋವರಕ್ಕೆ ಇಳಿಯುತ್ತದೆ. ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಕೈಕೆಳಗೆ 1803ರಲ್ಲಿ ಕೆಲಸ ಶುರುವಾಗಿ 1822ರಲ್ಲಿ ತೆರೆದ ಕಾಲುವೆ ಇದು. ಒಟ್ಟು 97 ಕಿ.ಮೀ. ಉದ್ದದಲ್ಲಿ ಅಗೆದದ್ದು ಮೂರನೇ ಒಂದು ಭಾಗ ಮಾತ್ರ, ಉಳಿದದ್ದು ಸರೋವರಗಳೇ. ದೋಣಿಯೊಂದು ಒಂದು ತೊಟ್ಟಿಗೆ ಬಂದು ನಿಂತು, ಹಿಂದಿನ ಗೇಟು ಮುಚ್ಚಿ, ನೀರು ಏರಿಸಿ ಅಥವಾ ಇಳಿಸಿ, ಮುಂದಿನ ತೊಟ್ಟಿಗೆ ಸರಿಯುತ್ತಾ ಐದನ್ನೂ ದಾಟಲು ಸುಮಾರು ಒಂದು ಗಂಟೆ. ನೋಡಲು ಕಾಸಿಲ್ಲ, ಹತ್ತಬೇಕಾದ ಕಡಿದಾದ ದಾರಿಯಿಲ್ಲ. ಅಜ್ಜ ಅಜ್ಜಿ ಬೆಂಚಿನ ಮೇಲೆ ಕೂತು, ಮೊಮ್ಮಕ್ಕಳು ಗೇಟಿನ ಪಕ್ಕ ನಿಂತು, ಎಲ್ಲರಿಗೂ ಹೊತ್ತು ಹೋಗುವ ಜಾಗ. ಗೇಟುಗಳು ಹಗಲು ಮಾತ್ರ ಕೆಲಸ ಮಾಡುತ್ತವೆ. ಮಧ್ಯಾಹ್ನ ಟೂರ್ ಬಸ್ಸುಗಳಿಂದ ಕಿಕ್ಕಿರಿದ ಊರು ಸಂಜೆ ಐದರ ಮೇಲೆ ಖಾಲಿಯಾಗುತ್ತದೆ, ಉಳಿದವರಿಗಷ್ಟೇ ಸಿಗುವ ಸುಖ ಅದು. ಮುಂದೆ ಫೋರ್ಟ್ ವಿಲಿಯಂ, ಗ್ಲೆನ್‌ಕೋ ಅಥವಾ ಸ್ಕೈ ಕಡೆಗೆ ಹೋಗುವವರು ಇಲ್ಲಿ ಒಂದು ರಾತ್ರಿ ಹಾಕಿಕೊಂಡರೆ ದಾರಿಯೂ ಸರಿಹೋಗುತ್ತದೆ.

ನಾಲ್ಕನೆಯದು ಆಗ್ನೇಯ ದಡದ ಫಾಯರ್ಸ್ ಅಥವಾ ಡೋರ್ಸ್. ಬಸ್ಸು ನಾಮಕಾವಸ್ತೆ, ಅಂಗಡಿ ಒಂದೋ ಎರಡೋ, ಮೊಬೈಲ್ ಸಿಗ್ನಲ್ ಬಂದರೆ ಬಂತು. ಗದ್ದಲ ಬೇಡವೆನ್ನುವ ಕಾರಿನವರಿಗೆ ಮಾತ್ರ.

ಎರಡು ದಡಗಳು

ವಾಯವ್ಯ ದಡದ ಎ82 ದೊಡ್ಡ ರಸ್ತೆ. ಕೋಟೆ, ದೋಣಿಕಟ್ಟೆ, ಬಸ್ಸು ಎಲ್ಲ ಈ ಕಡೆಗೇ. ಆದರೆ ಸರೋವರದ ಬದಿಗೆ ಮರಗಳು ಗೋಡೆಯಂತೆ ಬೆಳೆದಿರುವುದರಿಂದ ನೀರು ಕಾಣುವುದು ಮಿಂಚಿ ಮಾಯವಾದಂತೆ. ಲಾರಿ, ಬಸ್ಸು, ಕ್ಯಾರವಾನುಗಳ ಸಾಲು ಹಿಂದೆ ಬರುತ್ತಿರುವಾಗ ನಿಲ್ಲಿಸುವ ಜಾಗ ಕಣ್ಣಿಗೆ ಬೀಳುವಷ್ಟರಲ್ಲಿ ದಾಟಿಹೋಗಿರುತ್ತದೆ.

ಆಗ್ನೇಯ ದಡದ ಬಿ862 ಮತ್ತು ಬಿ852 ಕಿರಿದಾದ ರಸ್ತೆಗಳು, ಹಲವೆಡೆ ಒಂದೇ ವಾಹನದ ಅಗಲ. 18ನೇ ಶತಮಾನದಲ್ಲಿ ಜನರಲ್ ವೇಡ್ ಹಾಕಿಸಿದ ಸೈನ್ಯದ ರಸ್ತೆಯ ಜಾಡು ಇದು. ನೋಟ ಇರುವುದು ಇಲ್ಲಿ. ಫೋರ್ಟ್ ಅಗಸ್ಟಸ್‌ನಿಂದ ಬಿ862 ಹಿಡಿದು ಏರಿದರೆ ಲಾಕ್ ಟಾರ್ಫ್ ಎಂಬ ಪುಟ್ಟ ಸರೋವರ ದಾಟಿ ಸೂಯಿ ವ್ಯೂಪಾಯಿಂಟ್ ಬರುತ್ತದೆ. ಕಾರು ನಿಲ್ಲಿಸಿ ಐದು ನಿಮಿಷ ಮೇಲೆ ನಡೆದರೆ ಹೆದರ್ ಪೊದೆಯ ಬೋಳು ಬೆಟ್ಟಗಳು ಸುತ್ತಲೂ ತೆರೆದುಕೊಳ್ಳುತ್ತವೆ. ಮುಂದೆ ವೈಟ್‌ಬ್ರಿಜ್ ದಾಟಿ ಎಡಕ್ಕೆ ಬಿ852 ಹಿಡಿದರೆ ಫಾಯರ್ಸ್. ಇಲ್ಲಿನ ಜಲಪಾತವನ್ನು ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1787ರಲ್ಲಿ ಕಂಡು ಪದ್ಯ ಬರೆದಿದ್ದ. ಈಗ ಹೋಗುವವರು ಒಂದು ವಿಷಯ ತಿಳಿದಿರಬೇಕು: 1890ರ ದಶಕದಲ್ಲಿ ಇಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುತ್ ತಯಾರಿಸಲು ನೀರನ್ನು ತಿರುಗಿಸಿಕೊಂಡರು, ವಿದ್ಯುತ್ ಕೇಂದ್ರ ಇಂದಿಗೂ ಇದೆ. ಹಾಗಾಗಿ ಒಣಹವೆ ಎಳೆದರೆ ಜಲಪಾತ ದಾರದಷ್ಟಾಗುತ್ತದೆ. ಒಂದೆರಡು ದಿನ ಮಳೆ ಹೊಡೆದ ಮೇಲೆ ಹೋದರೆ ಮಾತ್ರ ಇಳಿದದ್ದಕ್ಕೆ ಬೆಲೆ. ನಮ್ಮ ಜೋಗ ನೋಡಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ರಸ್ತೆಯಿಂದ ಕೆಳಗೆ ಮೆಟ್ಟಿಲುಗಳ ಕಡಿದಾದ ದಾರಿ. ಮೊಣಕಾಲು ನೋವಿದ್ದವರು ಮೇಲಿನ ಕಟ್ಟೆಯಲ್ಲೇ ನಿಲ್ಲಲಿ.

ಡೋರ್ಸ್ ಇರುವುದು ಈಶಾನ್ಯ ತುದಿಯ ಹತ್ತಿರ, ಇನ್ವರ್ನೆಸ್‌ನಿಂದ 13 ಕಿ.ಮೀ. ಬೆಣಚುಕಲ್ಲಿನ ದಂಡೆಯಲ್ಲಿ ನಿಂತರೆ ಸರೋವರ ಅಡ್ಡಕ್ಕಲ್ಲ, ಉದ್ದಕ್ಕೆ ಕಾಣುತ್ತದೆ, ಎರಡೂ ಬದಿಯ ಬೆಟ್ಟಗಳು ದೂರದಲ್ಲಿ ಕೂಡಿಕೊಳ್ಳುವವರೆಗೆ. ನೆಸ್ ಎಷ್ಟು ದೊಡ್ಡದೆಂಬುದು ಅರ್ಥವಾಗುವುದು ಇಲ್ಲಿ. ನೋಟ ನೈರುತ್ಯಕ್ಕೆ ಇರುವುದರಿಂದ ಸೂರ್ಯ ನೀರಿನ ನೇರಕ್ಕೆ ಮುಳುಗುವುದು ಚಳಿಗಾಲದಲ್ಲಿ. ಜೂನ್ ತಿಂಗಳಲ್ಲಿ ಅವನು ಬಲಗಡೆ ಗುಡ್ಡದ ಹಿಂದೆ, ವಾಯವ್ಯಕ್ಕೆ ಹೋಗಿರುತ್ತಾನೆ.

ಕಾರಿದ್ದರೆ ಎರಡೂ ದಡ ಸೇರಿಸಿ ಒಂದು ಸುತ್ತು ಹಾಕಿ, ಸುಮಾರು 110 ಕಿ.ಮೀ. ಎಲ್ಲೂ ನಿಲ್ಲದೆ ಹೋದರೆ ಎರಡೂವರೆ ಗಂಟೆ, ನಿಂತು ನೋಡುತ್ತಾ ಹೋದರೆ ಇಡೀ ದಿನ. ದೇವಸ್ಥಾನದಲ್ಲಿ ಹಾಕುವಂತೆ ಪ್ರದಕ್ಷಿಣೆ ಹಾಕಬೇಡಿ, ಅಪ್ರದಕ್ಷಿಣೆ ಹಾಕಿ: ಇನ್ವರ್ನೆಸ್‌ನಿಂದ ಎ82ರಲ್ಲಿ ಫೋರ್ಟ್ ಅಗಸ್ಟಸ್‌ಗೆ ಇಳಿದು, ಆಚೆ ದಡದಲ್ಲಿ ಫಾಯರ್ಸ್, ಡೋರ್ಸ್ ಮೂಲಕ ಏರಿ ಬನ್ನಿ. ಬ್ರಿಟನ್ನಿನಲ್ಲೂ ನಮ್ಮಂತೆ ರಸ್ತೆಯ ಎಡಬದಿಯ ಸಂಚಾರ. ಹೀಗೆ ಹೋದರೆ ದಿನವಿಡೀ ಸರೋವರ ನಿಮ್ಮ ಎಡಕ್ಕೇ ಇರುತ್ತದೆ, ನೀರಿನ ಬದಿಯ ಜಾಗಕ್ಕೆ ಎದುರು ವಾಹನ ಅಡ್ಡಹಾಯದೆ ಸೀದಾ ತಿರುಗಿಸಬಹುದು. ದಾರಿಯಲ್ಲಿ ಇನ್ವರ್‌ಮಾರಿಸ್ಟನ್‌ನಲ್ಲಿ ಇಪ್ಪತ್ತು ನಿಮಿಷ ಇಳಿಯಿರಿ, ಟೆಲ್‌ಫರ್ಡ್ ಕಾಲದ ಕಲ್ಲಿನ ಸೇತುವೆ, ಅದರ ಕೆಳಗೆ ಬಂಡೆಗಳ ನಡುವೆ ನುಗ್ಗುವ ಹೊಳೆ, ಎಲ್ಲ ಪುಕ್ಕಟೆ.

ಕೋಟೆಯೋ, ದೋಣಿಯೋ, ನೆಸ್ಸಿಯೋ

ಮೂರಕ್ಕೂ ದುಡ್ಡು ಕೊಡಬೇಕು. ನಾಲ್ಕು ಜನರ ಸಂಸಾರಕ್ಕೆ ಮೂರನ್ನೂ ಸೇರಿಸಿದರೆ ಮೊತ್ತ ದೊಡ್ಡದೇ ಆಗುತ್ತದೆ. ಒಂದನ್ನೇ ಆರಿಸುವುದಾದರೆ ಕೋಟೆ.

ಅರ್ಕರ್ಟ್ ಕೋಟೆ ನೀರಿಗೆ ಚಾಚಿದ ಬಂಡೆಯ ಮೇಲಿದೆ. ಜಾಕೊಬೈಟರ (ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ಮನೆತನದ ಪರವಾಗಿ ದಂಗೆ ಎದ್ದವರ) ಕೈಗೆ ಸಿಗಬಾರದೆಂದು ಕಾವಲಿದ್ದ ಸೈನ್ಯವೇ 1692ರಲ್ಲಿ ಹೊರಡುವಾಗ ಮದ್ದಿಟ್ಟು ಹಾರಿಸಿತು, ಈಗಿರುವುದು ಪಾಳು. ಗ್ರಾಂಟ್ ಟವರ್ ಹತ್ತಿದರೆ ಸರೋವರದ ಎರಡೂ ದಿಕ್ಕಿನ ನೋಟ ಒಟ್ಟಿಗೆ ಸಿಗುತ್ತದೆ, ಈ ದಡದಲ್ಲಿ ಅಂಥ ಜಾಗ ಇನ್ನೊಂದಿಲ್ಲ. ತೊಂದರೆ ಬರುವುದು ಪಾರ್ಕಿಂಗ್‌ನಲ್ಲಿ: ಜಾಗ ಸಣ್ಣದು, ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಮೊದಲೇ ತುಂಬುತ್ತದೆ, ಎ82ರ ಪಕ್ಕದಲ್ಲಿ ನಿಲ್ಲಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಹೊತ್ತು ಗೊತ್ತುಮಾಡಿಕೊಂಡು ಬೆಳಗಿನ ಮೊದಲ ಸರದಿಗೆ ಹೋಗಿ, ಇಲ್ಲವೇ ಟೂರ್ ಬಸ್ಸುಗಳು ಹೋದಮೇಲೆ ಮೂರೂವರೆಯ ನಂತರ. ಕೊನೆಯ ಪ್ರವೇಶ ಮುಚ್ಚುವ ಹೊತ್ತಿಗಿಂತ ಸಾಕಷ್ಟು ಮೊದಲೇ ಇರುತ್ತದೆ. ಡ್ರಮ್ನಡ್ರಾಕಿಟ್‌ನಿಂದ ರಸ್ತೆ ಪಕ್ಕದ ಕಾಲುದಾರಿಯಲ್ಲಿ ನಡೆದೂ ಬರಬಹುದು, ಮುಕ್ಕಾಲು ಗಂಟೆಯೊಳಗೆ. ವಾಹನಗಳ ಸದ್ದಿನಲ್ಲಿ ಆ ನಡಿಗೆ ಸುಖವೇನಲ್ಲ. ಎಡಿನ್‌ಬರೊ ಮತ್ತು ಸ್ಟರ್ಲಿಂಗ್ ಕೋಟೆಗಳನ್ನೂ ನೋಡುವವರು ಹಿಸ್ಟಾರಿಕ್ ಸ್ಕಾಟ್ಲೆಂಡ್ ಎಕ್ಸ್‌ಪ್ಲೋರರ್ ಪಾಸ್‌ನ ಬೆಲೆ ಹೋಲಿಸಿ ನೋಡಿ, ಮೂರೂ ಅದರಲ್ಲೇ ಬರುತ್ತವೆ.

ದೋಣಿಯಲ್ಲಿ ಎಲ್ಲಿಂದ ಹತ್ತುತ್ತೀರಿ ಎಂಬುದೇ ಮುಖ್ಯ. ಫೋರ್ಟ್ ಅಗಸ್ಟಸ್‌ನಿಂದ ಹೊರಡುವ ಒಂದು ಗಂಟೆಯ ದೋಣಿ ದಕ್ಷಿಣದ ಭಾಗದಲ್ಲಷ್ಟೇ ಸುತ್ತಿ ಬರುತ್ತದೆ, ಕೋಟೆ ಕಾಣುವುದಿಲ್ಲ. ಜಾಹೀರಾತಿನ ಚಿತ್ರದಲ್ಲಿ ಕೋಟೆ ನೋಡಿ ಇಲ್ಲಿ ಟಿಕೆಟ್ ಕೊಂಡವರು ಬೇಸರಪಡುತ್ತಾರೆ. ಇನ್ವರ್ನೆಸ್ ಮತ್ತು ಡ್ರಮ್ನಡ್ರಾಕಿಟ್ ನಡುವಿನ ಕ್ಲಾನ್ಸ್‌ಮನ್ ಕಟ್ಟೆಯಿಂದ ಹೊರಟರೆ ಕೋಟೆಯನ್ನು ನೀರಿನಿಂದ ನೋಡಬಹುದು. ಕೋಟೆಯ ಕಟ್ಟೆಯಲ್ಲಿ ಇಳಿಸಿ ಪ್ರವೇಶವನ್ನೂ ಸೇರಿಸಿದ ಟಿಕೆಟ್ ಇದೆ, ಪಾರ್ಕಿಂಗ್ ತಲೆನೋವನ್ನೂ ಅದೇ ತಪ್ಪಿಸುತ್ತದೆ. ಇನ್ವರ್ನೆಸ್‌ಗೆ ಹತ್ತಿರದ ಡಾಕ್‌ಗ್ಯಾರಕ್‌ನಿಂದ ಹೊರಡುವ ಉದ್ದನೆಯ ಪಯಣ ಕಾಲುವೆಯಿಂದ ಶುರುವಾಗುತ್ತದೆ, ಹೊತ್ತಿದ್ದವರಿಗೆ ಸರಿ. ನೈರುತ್ಯದ ಗಾಳಿ ಬೀಸಿದ ದಿನ 30 ಕಿ.ಮೀ.ಗೂ ಹೆಚ್ಚು ಉದ್ದದ ನೀರಿನ ಮೇಲೆ ತಡೆಯಿಲ್ಲದೆ ಅಲೆ ಬೆಳೆದು ಈಶಾನ್ಯದ ಅರ್ಧದಲ್ಲಿ ಸಮುದ್ರದಂತೆ ಏಳುತ್ತದೆ. ತಲೆಸುತ್ತುವವರು ಅಂಥ ದಿನ ಫೋರ್ಟ್ ಅಗಸ್ಟಸ್ ಕಡೆಯ ದೋಣಿ ಹಿಡಿಯಲಿ.

ನೆಸ್ಸಿಯ ಗಲಾಟೆ ಜೋರಾದದ್ದು 1933ರ ಮೇ ತಿಂಗಳಲ್ಲಿ, ಇನ್ವರ್ನೆಸ್ ಕೊರಿಯರ್ ಪತ್ರಿಕೆಯ ಒಂದು ಸುದ್ದಿಯಿಂದ. ಮರುವರ್ಷ ಬಂದ ಪ್ರಸಿದ್ಧ ‘ಸರ್ಜನ್’ ಫೋಟೊ ಆಟಿಕೆ ಜಲಾಂತರ್ಗಾಮಿಗೆ ತಲೆ ಅಂಟಿಸಿ ತೆಗೆದ ಮೋಸವೆಂದು 1990ರ ದಶಕದಲ್ಲಿ ಬಯಲಾಯಿತು. 2018ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಗೆಮ್ಮೆಲ್ ತಂಡ ಸರೋವರದ ನೀರಿನಲ್ಲಿ ಡಿಎನ್‌ಎ ಹುಡುಕಿತು: ಸರೀಸೃಪದ ಗುರುತು ಸಿಗಲಿಲ್ಲ, ಹಾವುಮೀನಿನದು ಮಾತ್ರ ಧಾರಾಳ. ಈ ಕಥೆಯನ್ನೆಲ್ಲ ಚೆನ್ನಾಗಿ ಕಟ್ಟಿಕೊಡುವುದು 2023ರಲ್ಲಿ ಹೊಸದಾಗಿ ತೆರೆದ ಡ್ರಮ್ನಡ್ರಾಕಿಟ್‌ನ ಲಾಕ್ ನೆಸ್ ಸೆಂಟರ್. ಸುಮಾರು ಒಂದು ಗಂಟೆಯ ಒಳಾಂಗಣ ಪ್ರದರ್ಶನ. ಮಳೆಯ ದಿನಕ್ಕೆ ಇಟ್ಟುಕೊಳ್ಳಿ. ಬಿಸಿಲು ಬಿದ್ದ ದಿನ ಕತ್ತಲ ಕೋಣೆಯೊಳಗೆ ಹೋಗಿ ಕೂರುವುದು ನಷ್ಟ. ಎಂಟು ವರ್ಷದೊಳಗಿನ ಮಕ್ಕಳಿಗೆ ಪ್ರದರ್ಶನಕ್ಕಿಂತ ಕಾಲುವೆ ಗೇಟೇ ಹೆಚ್ಚು ಹಿಡಿಸೀತು.

ತಿಂಗಳು, ನೊರಜು, ಉಣುಗು

ನಮ್ಮ ಶಾಲೆಗಳ ಬೇಸಿಗೆ ರಜೆ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಏಪ್ರಿಲ್ ಕೊನೆ ಮತ್ತು ಮೇ ಹೈಲ್ಯಾಂಡ್ಸ್‌ನಲ್ಲಿ ಮಳೆ ಕಡಿಮೆ ಇರುವ ಕಾಲ, ಬೆಳಕು ರಾತ್ರಿ ಒಂಬತ್ತರ ಆಚೆಗೂ ಇರುತ್ತದೆ, ರಸ್ತೆ ಬದಿಯಲ್ಲಿ ಗೋರ್ಸ್ ಪೊದೆಗಳು ಹಳದಿ ಹೂ ತುಂಬಿ ನಿಂತಿರುತ್ತವೆ. ಹಗಲು 13–15 ಡಿಗ್ರಿ, ರಾತ್ರಿ ಐದಾರು. ಜುಲೈ, ಆಗಸ್ಟ್‌ನಲ್ಲಿ ಬ್ರಿಟನ್ನಿನ ಶಾಲೆಗಳಿಗೂ ರಜೆ. ಕೋಣೆ ದುಬಾರಿ, ಜೊತೆಗೆ ಮಿಜ್ ಎಂಬ ನೊರಜಿನ ಕಾಟ. ಮೋಡ ಕವಿದು ಗಾಳಿ ನಿಂತ ಮುಂಜಾವು, ಮುಸ್ಸಂಜೆ ನೀರಿನ ಪಕ್ಕ ನಿಂತರೆ ಮುಖಕ್ಕೆ ಮುತ್ತಿಕೊಳ್ಳುತ್ತವೆ. ಗಂಟೆಗೆ ಹತ್ತು ಹನ್ನೆರಡು ಕಿ.ಮೀ. ವೇಗದ ಗಾಳಿಯಿದ್ದರೆ ಅವು ಹಾರಲಾರವು, ಹಾಗಾಗಿ ತೆರೆದ ಬೆಟ್ಟದ ಮೇಲೆ ಅಷ್ಟು ತೊಂದರೆಯಿಲ್ಲ. ಸ್ಮಿಜ್ ಎಂಬ ಸ್ಪ್ರೇ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ದಸರಾ ರಜೆಗೆ ಹೋಗುವವರಿಗೆ ನೊರಜಿಲ್ಲ, ಬರ್ಚ್ ಎಲೆಗಳು ಹೊಂಬಣ್ಣಕ್ಕೆ ತಿರುಗಿರುತ್ತವೆ, ಮಳೆಕೋಟು ಮಾತ್ರ ಕಡ್ಡಾಯ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಾನೆ, ದೋಣಿಗಳೂ ಕಡಿಮೆ.

ಮಲೆನಾಡಿನವರಿಗೆ ಉಣುಗಿನ ಪರಿಚಯ ಮಾಡಿಕೊಡಬೇಕಿಲ್ಲ. ಇಲ್ಲಿನ ಜರೀಗಿಡದ ಪೊದೆಗಳಲ್ಲೂ ಅದಿದೆ, ತರುವ ಕಾಯಿಲೆ ಲೈಮ್. ಉದ್ದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ ನಡೆಯಿರಿ, ಸಂಜೆ ಮಕ್ಕಳ ಮೊಣಕಾಲ ಹಿಂಭಾಗ, ಕಂಕುಳು, ತಲೆಕೂದಲು ನೋಡಿ. ಕಚ್ಚಿಕೊಂಡಿದ್ದರೆ ಹಿಸುಕದೆ ಚರ್ಮಕ್ಕೆ ಹತ್ತಿರ ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೆಯಬೇಕು. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಬಳೆಯಂತೆ ಹರಡಿದರೆ ವೈದ್ಯರ ಬಳಿ ಹೋಗಿ, ಸ್ಕಾಟ್ಲೆಂಡಿಗೆ ಹೋಗಿದ್ದೆವೆಂದು ಹೇಳಿ.

ಕಾರು ತೆಗೆದುಕೊಳ್ಳುವುದಾದರೆ

ಇಂಗ್ಲಿಷ್ ಅಕ್ಷರಗಳಿರುವ ಭಾರತದ ಲೈಸೆನ್ಸ್‌ನಲ್ಲಿ ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ಓಡಿಸಬಹುದು. ಕಾರು ಬಾಡಿಗೆಗೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುವುದು ವಾಡಿಕೆ. ಆಟೊಮ್ಯಾಟಿಕ್ ಬೇಕಿದ್ದರೆ ಮೊದಲೇ ಹೇಳಿಡಿ, ಸಣ್ಣ ಊರಿನ ಡಿಪೋಗಳಲ್ಲಿ ಅವು ಕಡಿಮೆ. ಫಲಕಗಳಲ್ಲಿ ಕಿ.ಮೀ. ಇಲ್ಲ, ಎಲ್ಲ ಮೈಲಿ. 30 ಎಂದರೆ ಗಂಟೆಗೆ 48 ಕಿ.ಮೀ. ಒಂಟಿ ರಸ್ತೆಯಲ್ಲಿ ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಎಂಬ ಉಬ್ಬು ಜಾಗಗಳಿರುತ್ತವೆ. ಎದುರು ವಾಹನ ಕಂಡರೆ ನಿಮ್ಮ ಎಡಕ್ಕಿರುವ ಜಾಗಕ್ಕೆ ಹೋಗಿ ನಿಲ್ಲಿ. ಜಾಗ ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಂತು ಅವರನ್ನು ಆ ಜಾಗದೊಳಗೆ ಸುತ್ತಿ ಹೋಗಲು ಬಿಡಿ. ಹಿಂದೆ ಅವಸರದಲ್ಲಿರುವ ಊರಿನವರಿಗೂ ಹೀಗೇ ದಾರಿ ಕೊಡಬೇಕು. ಅಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾ ಕೂತರೆ ಊರಿನವರ ಸಿಟ್ಟಿಗೆ ಗುರಿಯಾಗುತ್ತೀರಿ. ಕುಡಿದು ಓಡಿಸುವ ಮಿತಿ ಸ್ಕಾಟ್ಲೆಂಡಿನಲ್ಲಿ ಇಂಗ್ಲೆಂಡಿಗಿಂತ ಬಿಗಿ, 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ.; ಡಿಸ್ಟಿಲರಿ ನೋಡುವ ದಿನ ಬಸ್ಸೇ ವಾಸಿ.

ಊಟದ ವಿಷಯದಲ್ಲಿ ಎಡವುವುದು ಹೊತ್ತಿನಲ್ಲಿ. ಬೆಳಕು ರಾತ್ರಿ ಹತ್ತರವರೆಗೂ ಇರುವುದರಿಂದ ಹಸಿವು ತಡವಾಗಿ ನೆನಪಾಗುತ್ತದೆ, ಹಳ್ಳಿಗಳ ಪಬ್ಬುಗಳಲ್ಲಿ ಅಡುಗೆಮನೆ ಎಂಟೂವರೆಯ ಹೊತ್ತಿಗೆ ಮುಚ್ಚಿರುತ್ತದೆ. ಸಸ್ಯಾಹಾರಿಗಳಿಗೆ ತರಕಾರಿ ಸೂಪು, ಮೆಕರೋನಿ, ಬೇಳೆ ಮತ್ತು ಓಟ್ಸಿನಿಂದ ಮಾಡುವ ವೆಜಿಟೇರಿಯನ್ ಹ್ಯಾಗಿಸ್ ಸಿಗುತ್ತವೆ. ಭಾರತೀಯ ಹೋಟೆಲುಗಳು ಬೇಕೆಂದರೆ ಇನ್ವರ್ನೆಸ್. ಅಡುಗೆ ಮಾಡಿಕೊಳ್ಳುವ ಮನೆ ಹಿಡಿದರೆ ಚಟ್ನಿಪುಡಿ, ಗೊಜ್ಜವಲಕ್ಕಿ ಕೊಂಡೊಯ್ಯಬಹುದು. ತುಪ್ಪ, ಧಾರವಾಡ ಪೇಡ ಬೇಡ: ಭಾರತದಿಂದ ಹಾಲಿನ ಪದಾರ್ಥ ತರಲು ಬ್ರಿಟನ್ನಿನಲ್ಲಿ ಅನುಮತಿಯಿಲ್ಲ, ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ತೆಗೆದಿಟ್ಟುಕೊಳ್ಳುತ್ತಾರೆ.

ಮೂರನೇ ದಿನ ಉಳಿದರೆ

ಇನ್ವರ್ನೆಸ್‌ನ ಪೂರ್ವಕ್ಕೆ ಎಂಟು ಕಿ.ಮೀ. ದೂರದ ಕಲ್ಲೋಡನ್ ರಣಭೂಮಿ ಎಲ್ಲ ಪಟ್ಟಿಗಳಲ್ಲೂ ಇದೆ: 1746ರ ಏಪ್ರಿಲ್ 16ರಂದು ಒಂದು ಗಂಟೆಯೊಳಗೆ ಜಾಕೊಬೈಟ್ ದಂಗೆ ಇಲ್ಲಿ ಮುಗಿಯಿತು. ಬಯಲು ನೋಡಲು ದುಡ್ಡಿಲ್ಲ, ಮ್ಯೂಸಿಯಂಗೆ ಟಿಕೆಟ್ ಇದೆ. ಹತ್ತಿರದಲ್ಲೇ ಸುಮಾರು 4,000 ವರ್ಷ ಹಳೆಯ ಕ್ಲಾವಾ ಗೋರಿಗುಡ್ಡೆಗಳು.

ಕನ್ನಡಿಗರಿಗೆ ಅದಕ್ಕಿಂತ ಕುತೂಹಲದ್ದು ಇನ್ವರ್ನೆಸ್‌ನ ಉತ್ತರಕ್ಕೆ ಆಲ್ನೆಸ್ ಬಳಿಯ ಫೈರಿಶ್ ಬೆಟ್ಟ. ಅದರ 453 ಮೀಟರ್ ತುದಿಯಲ್ಲಿ ನಾಗಪಟ್ಟಣದ ಕೋಟೆಬಾಗಿಲ ಮಾದರಿಯ ಕಲ್ಲಿನ ಸ್ಮಾರಕವಿದೆ. 1782ರ ಸುಮಾರಿಗೆ ಕಟ್ಟಿಸಿದವನು ಆ ಊರಿನ ಜಮೀನ್ದಾರ ಸರ್ ಹೆಕ್ಟರ್ ಮನ್ರೊ. 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿ ಎಂಬವನ ಪಡೆಯನ್ನು ಮುಗಿಸುವಾಗ ಸಮೀಪದ ಕಾಂಚೀಪುರದಲ್ಲಿದ್ದೂ ನೆರವಿಗೆ ತಲುಪದೆ ಮದ್ರಾಸಿಗೆ ಹಿಂದಿರುಗಿದ ಅದೇ ಮನ್ರೊ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಆ ಯುದ್ಧದ ಚಿತ್ರ ನೋಡಿದವರಿಗೆ ಈ ಬೆಟ್ಟ ಹತ್ತಲು ಬೇರೆ ಕಾರಣ ಬೇಕಿಲ್ಲ. ಕಾಡಿನ ದಾರಿ, ಹತ್ತಿ ಇಳಿಯಲು ಎರಡರಿಂದ ಎರಡೂವರೆ ಗಂಟೆ, ಮೇಲೆ ಗಾಳಿ ಜೋರು. ಪ್ರವೇಶ ಶುಲ್ಕವಿಲ್ಲ. ಕಾರು ಬೇಕು.

ಯಾವುದನ್ನು ಮೊದಲು ಬುಕ್ ಮಾಡುವುದು

ವೀಸಾ ಮೊದಲು, ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡಕ್ಕೂ ಒಂದೇ ಬ್ರಿಟಿಷ್ ವೀಸಾ, ಯುರೋಪಿನ ಶೆಂಗೆನ್ ನಡೆಯದು. ಆಮೇಲೆ ಕೋಣೆ, ಏಕೆಂದರೆ ಡ್ರಮ್ನಡ್ರಾಕಿಟ್ ಮತ್ತು ಫೋರ್ಟ್ ಅಗಸ್ಟಸ್‌ನಲ್ಲಿ ಕೋಣೆಗಳು ಕಡಿಮೆ. ಅಡುಗೆಮನೆ ಇರುವ ಮನೆಗಳನ್ನು ಬೇಸಿಗೆಯಲ್ಲಿ ಹಲವರು ವಾರದ ಲೆಕ್ಕದಲ್ಲೇ ಕೊಡುತ್ತಾರೆ. ಲಂಡನ್ನಿನಿಂದ ಬರುವವರಿಗೆ ಮೂರು ದಾರಿ: ಕಿಂಗ್ಸ್ ಕ್ರಾಸ್‌ನಿಂದ ಹಗಲು ರೈಲು ಸುಮಾರು ಎಂಟು ಗಂಟೆ, ಯೂಸ್ಟನ್‌ನಿಂದ ಕ್ಯಾಲಿಡೋನಿಯನ್ ಸ್ಲೀಪರ್ ಎಂಬ ರಾತ್ರಿ ರೈಲು (ಶನಿವಾರ ರಾತ್ರಿ ಇರುವುದಿಲ್ಲ), ಇಲ್ಲವೇ ವಿಮಾನ ಒಂದೂವರೆ ಗಂಟೆ, ಇನ್ವರ್ನೆಸ್ ವಿಮಾನ ನಿಲ್ದಾಣಕ್ಕೆ 2023ರಿಂದ ರೈಲು ನಿಲ್ದಾಣವೂ ಇದೆ. ಸ್ಲೀಪರ್‌ನಲ್ಲಿ ಕೋಣೆ ದುಬಾರಿಯಾದರೂ ಒಂದು ರಾತ್ರಿಯ ಹೋಟೆಲ್ ಖರ್ಚು ಕಳೆದು ಲೆಕ್ಕ ಹಾಕಿ. ಹಗಲು ರೈಲಿನ ಅಗ್ಗದ ಟಿಕೆಟ್ಟುಗಳು ತಿಂಗಳುಗಳ ಮೊದಲೇ ಬಿಡುಗಡೆಯಾಗಿ ಬೇಗ ಮುಗಿಯುತ್ತವೆ. ಕೋಟೆಯ ಟಿಕೆಟ್ ವಾರದ ಮೊದಲು ಸಾಕು. ದೋಣಿಯದು ಎಲ್ಲಕ್ಕಿಂತ ಕೊನೆಗೆ: ಮೇ, ಸೆಪ್ಟೆಂಬರಿನ ವಾರದ ದಿನಗಳಲ್ಲಿ ಸಾಮಾನ್ಯವಾಗಿ ಹಿಂದಿನ ಸಂಜೆಯೂ ಸೀಟು ಸಿಗುತ್ತದೆ, ಗಾಳಿಯ ಮುನ್ಸೂಚನೆ ನೋಡಿಕೊಂಡು ಯಾವ ಕಟ್ಟೆಯಿಂದ ಹತ್ತುವುದೆಂದು ಆಗ ತೀರ್ಮಾನಿಸಬಹುದು. ಜುಲೈ, ಆಗಸ್ಟ್‌ನಲ್ಲಿ ಹಾಗೆ ಕಾಯುವಂತಿಲ್ಲ.